ಕಾಲುವೆಗಿಂತ ಮೊದಲು ಬಂದ ಕರ

ಹೊಳೆಮಣ್ಣೂರಿನ ಹೆಸರಿನಲ್ಲೇ ಹೊಳೆ ಇದೆ. ರೋಣ ತಾಲ್ಲೂಕಿನಲ್ಲಿ ಮಲಪ್ರಭೆಯ ದಂಡೆಯ ಮೇಲಿರುವ ಊರು ಅದು. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿದ ಹೊಳೆ ಸವದತ್ತಿಯ ನವಿಲುತೀರ್ಥದ ಅಣೆಕಟ್ಟು ದಾಟಿ, ಎರೆ ಬಯಲನ್ನು ಸೀಳಿಕೊಂಡು ಇಲ್ಲಿಗೆ ಬರುತ್ತದೆ. ಮುಂದೆ ಪಟ್ಟದಕಲ್ಲು, ಐಹೊಳೆಗಳ ಗುಡಿಗಳ ಮಗ್ಗುಲಲ್ಲಿ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತದೆ. 2009ರಲ್ಲಿ ಒಮ್ಮೆ, 2019ರಲ್ಲಿ ಮತ್ತೊಮ್ಮೆ ಹೊಳೆ ದಂಡೆ ಮೀರಿ ಈ ಸಾಲಿನ ಊರುಗಳಿಗೆ ನುಗ್ಗಿತು. ಮಣ್ಣಿನ ಗೋಡೆ ಕುಸಿದವು, ಹಗೆಯ ಜೋಳ ಮುಗ್ಗಿ ಹೋಯಿತು, ಜನ ದನಕರು ಹೊಡೆದುಕೊಂಡು ದಿಬ್ಬ ಹತ್ತಿದರು. ಮೊದಲ ನೆರೆಯ ನಂತರ ಈ ದಂಡೆಯ ಹಲವು ಊರುಗಳಿಗೆ ಎತ್ತರದ ಜಾಗದಲ್ಲಿ ಆಸರೆ ಮನೆಗಳು ಎದ್ದವು.

ಹೊಳೆ ಬಿಟ್ಟು ತೆಂಕಣಕ್ಕೆ ನಡೆಯುತ್ತ ಹೋದರೆ ಮುಗಿಲು ನೋಡುತ್ತ ಕುಳಿತ ಹೊಲಗಳು ಸಿಗುತ್ತವೆ. ಮುಂಗಾರಿಗೆ ಹೆಸರು, ಹಿಂಗಾರಿಗೆ ಬಿಳಿಜೋಳ, ಕಡಲೆ, ಕುಸುಬೆ. ನಡುವೆ ಅಲ್ಲಲ್ಲಿ ಒಣಗಿದ ಹೊಲಗಾಲುವೆ, ಅದರ ತಳದಲ್ಲಿ ಆಳೆತ್ತರ ಬೆಳೆದ ಜಾಲಿ. ಅಂಥದೊಂದು ಕಾಲುವೆಯ ಏರಿಯ ಮೇಲೆ ಕುಳಿತಿದ್ದ ಹಿರಿಯರೊಬ್ಬರನ್ನು ನಾನು, 'ಯಜ್ಜಾ, ಇದರಾಗ ನೀರು ಯಾವಾಗ ಬರ್ತಾವರಿ?' ಎಂದು ಕೇಳಿದ್ದೆ. 'ಹೊಳಿ ನೀರು ಮನಿಗೆ ಬರ್ತಾವ ತಮ್ಮಾ, ಕಾಲವಿ ನೀರು ಹೊಲಕ್ಕ ಬರೂದಿಲ್ಲ' ಎಂದರು. ದೂರುವ ದನಿಯಲ್ಲಿ ಹೇಳಲಿಲ್ಲ. ದಾರಿ ಕೇಳಿದವರಿಗೆ ದಾರಿ ತೋರಿಸುವಷ್ಟು ಸಲೀಸಾಗಿ ಹೇಳಿದರು.

ಸರ್ಕಾರವೊಂದು ಜನರ ಒಳಿತಿಗಾಗಿಯೇ ಒಂದು ನೀತಿ ಮಾಡುತ್ತದೆ. ಆ ನೀತಿ ಹೊಲದ ಬದುವಿಗೆ ಬಂದು ಮುಟ್ಟುವಾಗ ಏನಾಗುತ್ತದೆ, ಅಲ್ಲಿಂದ ತಿರುಗಿ ವಿಧಾನಸೌಧದವರೆಗೆ ಏನೇನು ಅಲುಗಿಸುತ್ತದೆ ಎಂಬುದನ್ನು ತಿಳಿಯಲು ಕರ್ನಾಟಕದಲ್ಲಿ ಈ ಸೀಮೆಗಿಂತ ಒಳ್ಳೆಯ ಪಾಠಶಾಲೆ ಇಲ್ಲವೆಂದು ನನ್ನ ನಂಬಿಕೆ.

ಅಣೆಕಟ್ಟಿನಿಂದಲೇ ಶುರು ಮಾಡೋಣ. ನವಿಲುತೀರ್ಥದಲ್ಲಿ ಎರಡು ಗುಡ್ಡಗಳ ನಡುವಿನ ಇಕ್ಕಟ್ಟಿನಲ್ಲಿ ಮಲಪ್ರಭೆಗೆ ಅಡ್ಡಲಾಗಿ ಕಟ್ಟಿದ ಈ ಅಣೆಕಟ್ಟು 1970ರ ದಶಕದ ಆರಂಭದಲ್ಲಿ ಕೆಲಸಕ್ಕೆ ಬಂತು. ಅದರ ಹಿಂದಿನ ರೇಣುಕಾಸಾಗರದಲ್ಲಿ 37.73 ಟಿಎಂಸಿ ನೀರು ಹಿಡಿಯುತ್ತದೆ. ಎರಡು ಲಕ್ಷ ಹೆಕ್ಟೇರಿಗೂ ಮಿಕ್ಕಿದ ಭೂಮಿಗೆ ನೀರುಣಿಸುವ ಯೋಜನೆ. ಬಲದಂಡೆಯ ಕಾಲುವೆಗಳು ನವಲಗುಂದ, ನರಗುಂದ, ರೋಣದ ಕಡೆಗೆ ಹೊರಟವು. ಅದೇ ಹೊತ್ತಿಗೆ ದೇವರಾಜ ಅರಸರ ಸರ್ಕಾರ ಭೂಸುಧಾರಣೆ ಕಾಯ್ದೆಗೆ ತಿದ್ದುಪಡಿ ತಂದು, 1974ರ ಮಾರ್ಚ್ 1ರಿಂದ ಗೇಣಿ ಪದ್ಧತಿಯನ್ನೇ ತೆಗೆದುಹಾಕಿತು. ಉಳುವವನ ಹೆಸರು ಉತಾರದಲ್ಲಿ ಬಂತು. ಇತ್ತ ಧಾರವಾಡದ ಕೃಷಿ ಸಂಶೋಧನಾ ಕೇಂದ್ರದಲ್ಲಿ ಡಾ. ಬಿ.ಎಚ್. ಕಟರಕಿಯವರು 1972ರಲ್ಲಿ ವರಲಕ್ಷ್ಮಿ ಎಂಬ ಹೈಬ್ರಿಡ್ ಹತ್ತಿಯನ್ನು ಹೊರತಂದಿದ್ದರು. ಉದ್ದನೆಯ, ನಯವಾದ ಎಳೆಯ ಹತ್ತಿ. ಹೊಲ ಸ್ವಂತದ್ದಾಯಿತು, ಹೊಸ ಬೀಜ ಕೈಗೆ ಬಂತು, ನೀರು ಬರುತ್ತದೆಂಬ ಮಾತು ಸಿಕ್ಕಿತು. ಎರೆಹೊಲದ ರೈತ ಆ ಮಾತನ್ನು ನಂಬಿ ಸಾಲ ಮಾಡಿದ.

ಆಮೇಲೆ ಬಂದದ್ದು ಅಭಿವೃದ್ಧಿ ಕರ. ರೈತರ ಬಾಯಲ್ಲಿ ಅದು 'ಬೆಟರ್‌ಮೆಂಟ್ ಲೆವಿ' ಎಂದೇ ಉಳಿದಿದೆ. ಇದರ ಹಿಂದಿನ ವಿಚಾರವನ್ನು ನಾವು ನ್ಯಾಯವಾಗಿ ನೋಡಬೇಕು. ಅದು ಕೆಟ್ಟ ವಿಚಾರವಲ್ಲ. ಸರ್ಕಾರ ಎಲ್ಲರ ದುಡ್ಡಿನಿಂದ ಅಣೆಕಟ್ಟು ಕಟ್ಟುತ್ತದೆ. ಕಾಲುವೆ ಹಾದ ಕಡೆ ಭೂಮಿಯ ಬೆಲೆ ಏರುತ್ತದೆ. ಆ ಏರಿಕೆಗೆ ರೈತನ ಬೆವರು ಕಾರಣವಲ್ಲ, ಸಮಾಜದ ಹೂಡಿಕೆ ಕಾರಣ. ಹಾಗಿರುವಾಗ ಏರಿದ್ದರಲ್ಲಿ ಒಂದು ಪಾಲು ಸಮಾಜಕ್ಕೆ ತಿರುಗಿ ಬರಬೇಕು. ಗಜೇಂದ್ರಗಡವನ್ನು ನೆನೆಯಿರಿ. ಗುಡ್ಡದ ಬುಡದ ಆ ಊರಿನ ನೇಕಾರನಿಗಾಗಲಿ ಅಲ್ಲಿಯ ಮಸಾರಿ ಹೊಲದವನಿಗಾಗಲಿ ನವಿಲುತೀರ್ಥದ ಕಾಲುವೆಯಿಂದ ಹನಿ ನೀರಿಲ್ಲ. ಅವನು ಕೊಂಡ ಬೆಂಕಿಪೊಟ್ಟಣ, ಬಟ್ಟೆಯ ಮೇಲಿನ ತೆರಿಗೆಯೂ ಆ ಅಣೆಕಟ್ಟಿನ ಕಲ್ಲಿನಲ್ಲಿ ಸೇರಿದೆ. ನರಗುಂದದ ಹೊಲ ಬಂಗಾರವಾದರೆ ಅದರಲ್ಲಿ ಗಜೇಂದ್ರಗಡದವನಿಗೆ ಏನು ಎಂದು ಕೇಳುವುದು ತಪ್ಪೇ? ಕಾಗದದ ಮೇಲೆ ಇದು ಅಪ್ಪಟ ಸಮತೆಯ ಲೆಕ್ಕ.

ಎಡವಿದ್ದು ಅಳತೆಯಲ್ಲಿ. ಸರ್ಕಾರ ಅಳೆದದ್ದು ನಕ್ಷೆಯ ನೀರನ್ನು. ನಕ್ಷೆಯಲ್ಲಿ ಬಣ್ಣ ಬಳಿದ ಸರ್ವೆ ನಂಬರುಗಳೆಲ್ಲ ಅಚ್ಚುಕಟ್ಟು, ಅಚ್ಚುಕಟ್ಟಿನವರೆಲ್ಲ ಕರ ಕಟ್ಟಬೇಕಾದವರು. ರೈತ ಅಳೆಯುವುದು ಮಡಿಯಲ್ಲಿ ನಿಂತ ನೀರನ್ನು. ಮುಖ್ಯ ಕಾಲುವೆ ತೋಡಿದ್ದರೂ ಹೊಲಗಾಲುವೆ ಇಲ್ಲದ ಕಡೆಗಳಿದ್ದವು. ತೂಬಿದ್ದರೂ ನೀರು ಮೇಲಿನವರಲ್ಲೇ ಮುಗಿಯುತ್ತಿತ್ತು. ನೀರು ಬಂದ ಕಡೆ ಬೇರೆಯ ತಾಪತ್ರಯ. ಎರೆಮಣ್ಣು ನೀರು ಹಿಡಿದರೆ ಬೇಗ ಬಿಡುವುದಿಲ್ಲ. ಬಸಿದು ಹೋಗಲು ದಾರಿಯಿಲ್ಲದೆ ಹೊಲ ಜೌಳಾಗುತ್ತದೆ, ಬಿಸಿಲಿಗೆ ಕೆಳಗಿನ ಉಪ್ಪು ಮೇಲೆದ್ದು ಸವಳಾಗುತ್ತದೆ. ಬೇಸಿಗೆಯಲ್ಲಿ ಅಂಥ ಹೊಲದಲ್ಲಿ ಹೆಜ್ಜೆಯಿಟ್ಟರೆ ಹಪ್ಪಳದಂತೆ ಪದರು ಮುರಿಯುತ್ತದೆ, ಅಂಗಾಲಿಗೆ ಬಿಳಿ ಹಿಟ್ಟು ಮೆತ್ತುತ್ತದೆ. ಬೀಜ ಬಿತ್ತಿದರೆ ಅಲ್ಲಲ್ಲಿ ಹುಟ್ಟಿ, ಮೊಳದೆತ್ತರಕ್ಕೆ ಕರಕಲಾಗುತ್ತದೆ. ಇಂಥ ನೆಲದ 'ಬೆಲೆ ಏರಿದೆ' ಎಂದು ನೋಟಿಸು ಬಂದರೆ ಅದನ್ನು ಹಿಡಿದ ಕೈ ನಡುಗದೆ ಇರುತ್ತದೆಯೇ?

1980ರ ಹೊತ್ತಿಗೆ ಹತ್ತಿಯ ದರ ಪಾತಾಳಕ್ಕಿಳಿದಿತ್ತು. ಗೊಬ್ಬರ, ಔಷಧಿಯ ಬೆಲೆ ಮೇಲೇರಿತ್ತು. ವರಲಕ್ಷ್ಮಿ ಹುಳಕ್ಕೆ ಬಲಿಯಾಗುವ ಬೆಳೆ, ಔಷಧಿ ಹೊಡೆಯದಿದ್ದರೆ ಕಾಯಿ ನಿಲ್ಲುವುದಿಲ್ಲ. ಅಡತಿ ಅಂಗಡಿಯಲ್ಲಿ ತೂಕವಾಗಿ ಬಂದ ಹಣ ಸಾಲದ ಬಡ್ಡಿಗೂ ಸಾಲದು. ಅದೇ ಹೊತ್ತಿಗೆ ಅಭಿವೃದ್ಧಿ ಕರ, ನೀರಿನ ಕರ, ಬ್ಯಾಂಕಿನ ಬಾಕಿ ಮೂರೂ ಒಟ್ಟಿಗೆ ಬಾಗಿಲಿಗೆ ಬಂದು ನಿಂತವು. ಇಂಥ ಕರದ ಬಾಕಿಯನ್ನು ಭೂಕಂದಾಯದ ಬಾಕಿಯಂತೆಯೇ ವಸೂಲು ಮಾಡಬಹುದು. ಹಳ್ಳಿಯ ಭಾಷೆಯಲ್ಲಿ ಹೇಳುವುದಾದರೆ ಜಪ್ತಿ. ಅಂಗಳದಲ್ಲಿ ನಾಲ್ಕು ಮಂದಿಯ ಎದುರು ಎತ್ತು, ಹಂಡೆ, ಬಂಡಿಯ ಲೆಕ್ಕ ಬರೆಸಿಕೊಳ್ಳುವುದೆಂದರೆ ರೈತನ ಪಾಲಿಗೆ ದುಡ್ಡಿನ ಮಾತಷ್ಟೇ ಅಲ್ಲ.

ಮಲಪ್ರಭಾ ನೀರಾವರಿ ಪ್ರದೇಶದ ರೈತರು ಸಮನ್ವಯ ಸಮಿತಿ ಕಟ್ಟಿಕೊಂಡರು. ಮೆರವಣಿಗೆ ಮಾಡಿದರು, ಮನವಿ ಕೊಟ್ಟರು. ಉತ್ತರ ಬರಲಿಲ್ಲ. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಬಂದ್. ಸರ್ಕಾರಿ ಕಚೇರಿಗಳ ಮುಂದೆ ಜನ ಸೇರಿದರು, ಮಾತಿಗೆ ಮಾತು ಬೆಳೆಯಿತು, ಕಲ್ಲು ಬಿದ್ದವು, ಗುಂಡು ಹಾರಿತು. ನರಗುಂದದಲ್ಲಿ ಚಿಕ್ಕನರಗುಂದದ ವೀರಪ್ಪ ಕಡ್ಲಿಕೊಪ್ಪ, ನವಲಗುಂದದಲ್ಲಿ ಅಳಗವಾಡಿಯ ಬಸಪ್ಪ ಲಕ್ಕುಂಡಿ ಸತ್ತರು. ರೊಚ್ಚಿಗೆದ್ದ ಜನರ ಕೈಯಲ್ಲಿ ಪೊಲೀಸರೂ ಸತ್ತರು. ಅವರೂ ಯಾವುದೋ ಹಳ್ಳಿಯ ರೈತರ ಮನೆಯ ಮಕ್ಕಳೇ ಆಗಿದ್ದಿರಬೇಕು. ಈ ಬಂಡಾಯವನ್ನು ನೆನೆಯುವಾಗ ಆ ಸಾವುಗಳನ್ನು ಬಿಟ್ಟು ಹೇಳುವುದು ನನಗೆ ಸರಿ ಕಾಣುವುದಿಲ್ಲ.

ನರಗುಂದಕ್ಕೆ ಬಂಡಾಯ ಹೊಸದಲ್ಲ. ದತ್ತು ಮಗನಿಗೆ ಹಕ್ಕು ಕೊಡದ, ಇನಾಮು ಕಸಿಯುವ, ಆಯುಧ ಕೆಳಗಿಡಿಸುವ ಕಂಪನಿಯ ನೀತಿಗಳ ವಿರುದ್ಧ 1858ರಲ್ಲಿ ಬಾಬಾಸಾಹೇಬ ಎದ್ದದ್ದು ಇದೇ ಊರಿನ ಗುಡ್ಡದ ನೆರಳಲ್ಲಿ. ಆದರೆ ಆತ ಸಂಸ್ಥಾನಿಕ. 1980ರಲ್ಲಿ ಎದ್ದವರು ಎರಡೆತ್ತಿನ ಒಕ್ಕಲಿಗರು.

ಸರ್ಕಾರ ಅಭಿವೃದ್ಧಿ ಕರದ ವಸೂಲಿಯಿಂದ ಹಿಂದೆ ಸರಿಯಬೇಕಾಯಿತು. ಆದರೆ ಮಾತು ಅಷ್ಟೊತ್ತಿಗೆ ಕರವನ್ನು ದಾಟಿತ್ತು. ಅದೇ ವರ್ಷ ಶಿವಮೊಗ್ಗದಲ್ಲಿ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಪ್ರೊ. ಎಂ.ಡಿ. ನಂಜುಂಡಸ್ವಾಮಿ ಮುಂದೆ ನಿಂತರು. 1981ರ ಆರಂಭದಲ್ಲಿ ನರಗುಂದದಿಂದ ಬೆಂಗಳೂರಿಗೆ ಕಾಲ್ನಡಿಗೆಯ ಜಾಥಾ ಹೊರಟಿತು. ಅದೇ ವರ್ಷ ನಿಪ್ಪಾಣಿಯಲ್ಲಿ ತಂಬಾಕು ಬೆಳೆಗಾರರು ದರಕ್ಕಾಗಿ ರಸ್ತೆಗಿಳಿದರು, ಅಲ್ಲೂ ಗುಂಡು ಹಾರಿತು. ಹಸಿರು ಶಾಲು ಹೆಗಲೇರಿತು. ಅಪ್ಪಣೆಯಿಲ್ಲದೆ ವಸೂಲಿಯ ಅಧಿಕಾರಿಗಳು ಊರೊಳಗೆ ಕಾಲಿಡಕೂಡದೆಂಬ ಬೋರ್ಡುಗಳು ಊರ ಅಗಸಿಯಲ್ಲಿ ಎದ್ದವು. ಸಾಹೇಬರು ಬಂದರೆ ಎದ್ದು ನಿಂತು ಕೈಮುಗಿಯುತ್ತಿದ್ದ ರೈತ, 'ಯಾಕ ಬಂದೀರಿ?' ಎಂದು ಕೇಳತೊಡಗಿದ. ಆ ಕರ ಎಬ್ಬಿಸಿದ ಅಲೆಗಳಲ್ಲೆಲ್ಲ ದೊಡ್ಡದು ಇದೇ ಎಂದು ನನಗನ್ನಿಸುತ್ತದೆ.

1983ರ ಜನವರಿಯ ವಿಧಾನಸಭಾ ಚುನಾವಣೆಯಲ್ಲಿ ಅಂದಿನ ಮುಖ್ಯಮಂತ್ರಿ ಗುಂಡೂರಾಯರ ಕಾಂಗ್ರೆಸ್ 224ರಲ್ಲಿ 82 ಸ್ಥಾನಕ್ಕೆ ಇಳಿಯಿತು. ಜನತಾ ಪಕ್ಷಕ್ಕೆ 95, ಬಿಜೆಪಿಗೆ 18. ಜನವರಿ 10ರಂದು ರಾಮಕೃಷ್ಣ ಹೆಗಡೆ ಕರ್ನಾಟಕದ ಮೊದಲ ಕಾಂಗ್ರೆಸ್ಸೇತರ ಸರ್ಕಾರದ ಮುಖ್ಯಮಂತ್ರಿಯಾದರು. ಒಂದು ಕರ ಒಂದು ಸರ್ಕಾರವನ್ನು ಉರುಳಿಸಿತೆಂದು ಹೇಳಿಬಿಡುವುದು ಸುಲಭ, ಆದರೆ ಅದು ಪೂರ್ಣ ಸತ್ಯವಲ್ಲ. ಕನ್ನಡಕ್ಕಾಗಿ ಎದ್ದ 1982ರ ಗೋಕಾಕ್ ಚಳವಳಿ ಇತ್ತು, ಬಂಗಾರಪ್ಪನವರ ಕ್ರಾಂತಿರಂಗ ಪಕ್ಷ ಇತ್ತು. ಆದರೂ ಸರ್ಕಾರವನ್ನು ಬದಲಿಸಬಹುದು ಎಂಬ ಧೈರ್ಯದ ಮೊದಲ ಕಿಡಿ ನರಗುಂದದ್ದು.

ಹೊಸ ಸರ್ಕಾರದ ದೊಡ್ಡ ಕೆಲಸ ಪಂಚಾಯತ್ ರಾಜ್. ಹೆಗಡೆಯವರ ಸಂಪುಟದ ಅಬ್ದುಲ್ ನಜೀರ್‌ಸಾಬ್ ಹಳ್ಳಿ ಹಳ್ಳಿಗೆ ಕೊಳವೆಬಾವಿ ಕೊರೆಸಿ 'ನೀರ್‌ಸಾಬ್' ಎನ್ನಿಸಿಕೊಂಡವರು. ಅವರ ಮುತುವರ್ಜಿಯಲ್ಲಿ 1983ರ ಕಾಯ್ದೆ ರೂಪುಗೊಂಡಿತು. ರಾಷ್ಟ್ರಪತಿಯ ಅಂಕಿತ ಬೀಳಲು 1985 ಬಂತು, ಚುನಾವಣೆ ನಡೆದದ್ದು 1987ರ ಜನವರಿಯಲ್ಲಿ. ಜಿಲ್ಲೆಗಳಲ್ಲಿ ಜಿಲ್ಲಾ ಪರಿಷತ್ತು, ಅದರ ಕೆಳಗೆ ಹಳ್ಳಿಗಳ ಗುಂಪಿಗೊಂದು ಮಂಡಲ ಪಂಚಾಯತಿ. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ಸಿಕ್ಕಿತು. ಮಹಿಳೆಯರಿಗೆ ನೂರಕ್ಕೆ 25 ಸ್ಥಾನ ಮೀಸಲಾಯಿತು. ಅದುವರೆಗೆ ಊರ ಕಟ್ಟೆ ಹತ್ತದಿದ್ದ ಹೆಣ್ಣುಮಕ್ಕಳು ಮಂಡಲದ ಸಭೆಯಲ್ಲಿ ಕುರ್ಚಿಯ ಅಂಚಿಗೆ ಕುಳಿತು, ನಲ್ಲಿ ಎಲ್ಲಿ ಬರಬೇಕು, ಶಾಲೆಯ ಮಾಳಿಗೆ ಯಾವಾಗ ಸೋರಿತು ಎಂದು ಹೇಳತೊಡಗಿದರು. ದೇಶದ ಬೇರೆ ರಾಜ್ಯಗಳು ಈ ಪ್ರಯೋಗವನ್ನು ನೋಡಿದವು. ಸಂವಿಧಾನದ 73ನೇ ತಿದ್ದುಪಡಿ 1993ರಲ್ಲಿ ಜಾರಿಯಾದಾಗ ಅದರ ಹಿಂದೆ ಕರ್ನಾಟಕದ ಈ ಅನುಭವವೂ ಇತ್ತು. ಸಾಹೇಬರಿಗೆ 'ಯಾಕ ಬಂದೀರಿ' ಎಂದು ಕೇಳುವುದನ್ನು ಕಲಿತ ಹಳ್ಳಿಗಳು ಇಲ್ಲದಿದ್ದರೆ ಆ ಕಾಯ್ದೆಗೆ ಅಷ್ಟು ಜೀವ ಬರುತ್ತಿತ್ತೇ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಆರ್ಥಿಕ ಅಲೆಗಳು ಇಷ್ಟು ಸೊಗಸಾಗಿಲ್ಲ. 1980ರಿಂದ ರಾಜಕಾರಣಿಗಳು ಕಲಿತ ಪಾಠ ಒಂದೇ: ರೈತನ ಹತ್ತಿರ ದುಡ್ಡು ಕೇಳಬಾರದು. ಅವರು ಕಲಿಯಬೇಕಾಗಿದ್ದದ್ದು ಬೇರೆ: ನೀರು ಕೊಟ್ಟ ಮೇಲೆ ಕೇಳಬೇಕು. ನೀರಿನ ಕರ ತೀರಾ ಕಡಿಮೆಯಲ್ಲೇ ಉಳಿಯಿತು, ಅದೂ ಸರಿಯಾಗಿ ವಸೂಲಾಗಲಿಲ್ಲ. ವಸೂಲಿಯಿಲ್ಲದ ಕಡೆ ಕಾಲುವೆಯ ಹೂಳೆತ್ತಲು, ಒಡೆದ ಲೈನಿಂಗ್ ಕಟ್ಟಲು, ತೂಬಿನ ಬಾಗಿಲು ಸರಿಪಡಿಸಲು ಹಣ ಎಲ್ಲಿಂದ ಬರಬೇಕು? ಅಗ್ಗದ ನೀರು ಹೆಚ್ಚು ಸಿಕ್ಕಿದ್ದು ಮೇಲಿನ ಹೊಲದವರಿಗೆ. ಅರೆನೀರಾವರಿ ಬೆಳೆಗಳಿಗೆಂದು ಲೆಕ್ಕ ಹಾಕಿದ ನೀರಿನಲ್ಲಿ ಕಬ್ಬು ಎದ್ದಿತು. ಕರ ಹೋದದ್ದರಿಂದ ಉಸಿರಾಡಿದ ಕೊನೆಯಂಚಿನ ರೈತನೇ ಪಾಳುಬಿದ್ದ ಕಾಲುವೆಯಿಂದ ಮತ್ತೆ ಸೋತ. ಬಂಡಾಯದ ಬಗ್ಗೆ ಅಭಿಮಾನವಿರುವ ನಮ್ಮಂಥವರು ಈ ಮಾತನ್ನು ಬಾಯಿಬಿಟ್ಟು ಆಡಬೇಕು.

1998ರಲ್ಲಿ ಕರ್ನಾಟಕ ನೀರಾವರಿ ನಿಗಮ ಹುಟ್ಟಿತು, ಮಲಪ್ರಭೆ ಅದರ ಸುಪರ್ದಿಗೆ ಹೋಯಿತು. ಊರೂರಲ್ಲಿ ನೀರು ಬಳಕೆದಾರರ ಸಹಕಾರ ಸಂಘಗಳನ್ನು ಕಟ್ಟುವ ಯತ್ನವೂ ನಡೆಯಿತು. 1905ರಲ್ಲೇ ಕಣಗಿನಹಾಳದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಕಂಡ ಗದಗ ಜಿಲ್ಲೆಯಿದು. ಆದರೆ ಪತ್ತು ಹಂಚಿಕೊಳ್ಳುವುದಕ್ಕಿಂತ ನೀರು ಹಂಚಿಕೊಳ್ಳುವುದು ಕಷ್ಟ. ಮೇಲಿನವನು ತೂಬು ಮುಚ್ಚಿದರೆ ಮಾತ್ರ ಕೆಳಗಿನವನಿಗೆ ನೀರು. ಬೆಳೆ ಒಣಗುತ್ತಿರುವಾಗ ನಡುರಾತ್ರಿ ತೂಬು ಕಾಯುವವರು ಯಾರು?

ನೀರಿನ ಪಾಲುದಾರರು ಹೆಚ್ಚಿದರು. ಹುಬ್ಬಳ್ಳಿ-ಧಾರವಾಡದ ನಲ್ಲಿಗಳಿಗೂ ರೇಣುಕಾಸಾಗರದ ನೀರೇ ಹೋಗಬೇಕು. ಎಷ್ಟೋ ವರ್ಷ ಜಲಾಶಯ ತುಂಬಲೇ ಇಲ್ಲ. ಮಹದಾಯಿ ನದಿಯ ಕಳಸಾ, ಬಂಡೂರಿ ಹಳ್ಳಗಳನ್ನು ಮಲಪ್ರಭೆಗೆ ತಿರುಗಿಸಬೇಕೆಂಬ ಬೇಡಿಕೆ ಗಟ್ಟಿಯಾದದ್ದು ಹೀಗೆ. 2015ರ ಜುಲೈನಲ್ಲಿ ನರಗುಂದದಲ್ಲಿ ಧರಣಿ ಶುರುವಾಗಿ ವರ್ಷಗಟ್ಟಲೆ ನಡೆಯಿತು. 2016ರ ಜುಲೈನಲ್ಲಿ ಮಹದಾಯಿ ಜಲವಿವಾದ ನ್ಯಾಯಮಂಡಳಿ ಕರ್ನಾಟಕದ ಮಧ್ಯಂತರ ಅರ್ಜಿಯನ್ನು ತಳ್ಳಿಹಾಕಿದಾಗ ಸೀಮೆಯೆಲ್ಲ ಮತ್ತೆ ಹೊತ್ತಿಕೊಂಡಿತು. 2018ರ ಆಗಸ್ಟ್ 14ರ ಅಂತಿಮ ತೀರ್ಪಿನಲ್ಲಿ ಕರ್ನಾಟಕಕ್ಕೆ ಸಿಕ್ಕ ಒಟ್ಟು 13.42 ಟಿಎಂಸಿಯಲ್ಲಿ ಕಳಸಾ-ಬಂಡೂರಿಯಿಂದ ಮಲಪ್ರಭೆಗೆ ತಿರುಗಿಸಲು ಒಪ್ಪಿದ್ದು 3.9 ಟಿಎಂಸಿ. ಕೇಳಿದ್ದು 7.56.

ಪ್ರತಿ ವರ್ಷ ಜುಲೈ 21ಕ್ಕೆ ನರಗುಂದದ ರೈತ ವೀರಗಲ್ಲಿನ ಮುಂದೆ ಜನ ಸೇರುತ್ತಾರೆ. ಎಲ್ಲ ಪಕ್ಷದವರೂ ಬಂದು ಹಾರ ಹಾಕುತ್ತಾರೆ. ಅದು ಮುಂಗಾರಿನ ಹೊಲಗೆಲಸದ ಕಾಲ, ಮಳೆ ಆಡಿದ್ದರೆ ಹೊಲ ಬಿಟ್ಟು ಬರುವುದು ಕಷ್ಟ. ಆದರೂ ಹಳ್ಳಿಗಳಿಂದ ಹಸಿರು ಶಾಲು ಹೊದ್ದವರು ಬರುತ್ತಾರೆ. ಅವರಲ್ಲಿ ಆ ದಿನವನ್ನು ಕಣ್ಣಾರೆ ಕಂಡವರಿಗೆ ಈಗ ಎಪ್ಪತ್ತರ ಸುಮಾರು ವಯಸ್ಸು. ಮಾತು ಮುಗಿದ ಮೇಲೆ ಕಲ್ಲಿನ ಬಳಿ ಹೋಗಿ, ಚಪ್ಪಲಿ ಬಿಟ್ಟು, ಕೈಮುಗಿದು, ಸಂಜೆಯ ಬಸ್ಸು ಹಿಡಿದು ಊರಿಗೆ ಮರಳುತ್ತಾರೆ. ಬಸ್ಸಿನಲ್ಲಿ ಕೇಳಿಬರುವುದು ಆ ವಾರ ಕಾಲುವೆಗೆ ನೀರು ಬಿಟ್ಟರೋ ಇಲ್ಲವೋ ಎಂಬ ಮಾತೇ.