ದೇವನಹಳ್ಳಿಯ ಕೋಟೆಯನ್ನು ನೋಡಹೋಗುವವರಿಗೆ

ಬೆಂಗಳೂರಿನಿಂದ ಉತ್ತರಕ್ಕೆ ಬಳ್ಳಾರಿ ರಸ್ತೆಯಲ್ಲಿ ಸುಮಾರು 40 ಕಿಲೋಮೀಟರು ಹೋದರೆ ದೇವನಹಳ್ಳಿ ಸಿಕ್ಕುವುದು. 2008ರಲ್ಲಿ ವಿಮಾನನಿಲ್ದಾಣವು ತೆರೆದಂದಿನಿಂದ ಈ ಊರಿನ ಹೆಸರು ದೇಶಾಂತರಗಳಲ್ಲಿಯೂ ಕೇಳಿಬರುತ್ತಿದೆಯಾದರೂ ಊರೊಳಗೆ ಕಾಲಿಟ್ಟವರು ವಿರಳ. ಮಕ್ಕಳೊಡನೆ ಒಂದು ದಿವಸ ಹೋಗಿಬರಬೇಕೆಂದಿರುವ ಗೃಹಸ್ಥರಿಗೆ ಉಪಯೋಗವಾದೀತೆಂದು ಈ ಕೆಲವು ಮಾತುಗಳನ್ನು ಬರೆಯುತ್ತೇನೆ.

ಕೆಂಪೇಗೌಡ ಬಸ್ ನಿಲ್ದಾಣದಲ್ಲಿ ದೇವನಹಳ್ಳಿಯ ಬಸ್ಸನ್ನೇ ಕೇಳಿ ಹತ್ತತಕ್ಕದ್ದು. ವಿಮಾನನಿಲ್ದಾಣದ ಬಸ್ಸು ಊರಿಗೆ ಮುನ್ನವೇ ಬೇರೆ ದಾರಿ ಹಿಡಿಯುವುದು, ದರವೂ ಹೆಚ್ಚು. ನಮ್ಮ ದೊಡ್ಡಬಳ್ಳಾಪುರದವರಿಗಾದರೋ ಪೂರ್ವಾಭಿಮುಖವಾಗಿ 20 ಕಿಲೋಮೀಟರಿನ ಆಸುಪಾಸಿನ ದಾರಿ. ಎಲ್ಲಿಂದ ಬಂದರೂ ಬೆಳಗ್ಗೆ ಒಂಬತ್ತರೊಳಗೆ ಕೋಟೆಯ ಬಾಗಿಲಲ್ಲಿರಬೇಕು. ನಡುಹಗಲಿನಲ್ಲಿ ದೇವಸ್ಥಾನಗಳು ಮುಚ್ಚುವುವು. ಬೇಸಗೆಯಾದರೆ ಹಾಸುಗಲ್ಲು ಬರಿಗಾಲನ್ನು ಸುಡುವುದು.

ಈ ಊರಿಗೆ ಮೊದಲು ದೇವನದೊಡ್ಡಿಯೆಂದು ಹೆಸರಿತ್ತು. ಆವತಿ ನಾಡಪ್ರಭುಗಳ ವಂಶದ ಮಲ್ಲಬೈರೇಗೌಡನು 1501ರಲ್ಲಿ ಇಲ್ಲಿ ಮಣ್ಣಿನ ಕೋಟೆಯನ್ನು ಕಟ್ಟಿಸಿದನು. 1749ರಲ್ಲಿ ಮೈಸೂರಿನ ಸೇನೆ ಇದನ್ನು ಮುತ್ತಿದಾಗ ಹೈದರಾಲಿಯೆಂಬ ಯುವಕನ ಪರಾಕ್ರಮವು ಮೊದಲ ಬಾರಿಗೆ ದೊರೆಗಳ ಕಣ್ಣಿಗೆ ಬಿದ್ದಿತು. ಈಗ ಕಾಣುವ ಕಲ್ಲಿನ ಗೋಡೆಯು ಹೈದರನ ಮತ್ತು ಟಿಪ್ಪುವಿನ ಕಾಲದ್ದು. ಟಿಪ್ಪು ಊರಿಗೆ ಯೂಸುಫಾಬಾದೆಂದು ನಾಮಕರಣ ಮಾಡಿದನು. ಜನರ ನಾಲಗೆಗೆ ಅದು ಹತ್ತಲಿಲ್ಲ. 1791ರಲ್ಲಿ ಕಾರ್ನ್‌ವಾಲಿಸನು ಕೋಟೆಯನ್ನು ಹಿಡಿದನು.

ಬಾಗಿಲುಗಳು ಪೂರ್ವಕ್ಕೊಂದು, ಪಶ್ಚಿಮಕ್ಕೊಂದು. ಗಾರೆಗೆಲಸದಿಂದ ಅಲಂಕೃತವಾದ ಇವು ಕುದುರೆಯ ಸವಾರರಿಗಾಗಿ ಕಟ್ಟಿದವಾದ್ದರಿಂದ ಕಿರಿದಾಗಿವೆ. ಕಾರನ್ನು ಹೊರಗೇ ನಿಲ್ಲಿಸಿ ನಡೆದುಹೋಗುವುದೇ ಮರ್ಯಾದೆ. ಮರ್ಯಾದೆಯೆಂದು ಏಕೆ ಹೇಳಿದೆನೆಂದರೆ, ಈ ಕೋಟೆ ಹಾಳು ಹಂಪೆಯಲ್ಲ. ಒಳಗೆ ಮನೆಗಳಿವೆ, ಹೊಸಿಲ ಮುಂದೆ ರಂಗೋಲಿಯಿದೆ, ಅಂಗಳದಲ್ಲಿ ಹಪ್ಪಳ ಒಣಗುತ್ತಿರುತ್ತದೆ. ಬಾಗಿಲಲ್ಲಿ ಕುಳಿತ ಅಜ್ಜಿಯ ಚಿತ್ರವನ್ನು ಕೇಳದೆ ತೆಗೆಯುವವರನ್ನು ಕಂಡು ನಾನು ನಾಚಿಕೊಂಡಿದ್ದೇನೆ. "ಅಮ್ಮಾ, ಯಾವ ಕಡೆಯಿಂದ ಗೋಡೆ ಹತ್ತಬಹುದು?" ಎಂದು ವಿಚಾರಿಸಿದರೆ ದಾರಿಯೂ ತಿಳಿಯುವುದು, ಕುಡಿಯಲು ನೀರೂ ಸಿಕ್ಕೀತು.

ಗೋಡೆಗೆ ಅರ್ಧಚಂದ್ರಾಕಾರದ 12 ಬುರುಜುಗಳಿವೆ. ಮೇಲಿನ ಹಾದಿ ವಿಶಾಲವಾಗಿದೆ. ಅದನ್ನು ನಂಬಿಯೇ ನಾನು ಮೋಸಹೋದದ್ದು. ಉಪಾಧ್ಯಾಯನಾಗಿದ್ದಾಗ ಒಮ್ಮೆ ನಲವತ್ತು ಹುಡುಗರನ್ನು ಅಲ್ಲಿಗೆ ಕರೆದೊಯ್ದು, ಬುರುಜಿನ ಫಿರಂಗಿ ಕಿಂಡಿಗಳನ್ನು ವರ್ಣಿಸುತ್ತ ಮೈಮರೆತೆನು. ಮಳೆ ಬಂದು ನಿಂತ ದಿನ, ಹುಲ್ಲು ಜಾರುತ್ತಿತ್ತು. ಒಬ್ಬ ಹುಡುಗ ಒಳಮಗ್ಗುಲಿಗೆ ಉರುಳಿಬಿದ್ದು ಮುಂಗೈ ಮುರಿದುಕೊಂಡನು. ಅಲ್ಲಿಯ ನಿವಾಸಿಯೊಬ್ಬರು ಪಂಚೆಯನ್ನು ಹರಿದು ಕೈಗೆ ಕಟ್ಟಿ, ಆಸ್ಪತ್ರೆಗೆ ತಾವೇ ಎತ್ತಿಕೊಂಡು ಹೋದರು. ಸಂಜೆ ಅವನ ತಾಯಿಯ ಮುಂದೆ ನಿಂತು ನಾನು ಆಡಲಾರದೆ ಹೋದ ಮಾತು ಇಂದಿಗೂ ಗಂಟಲಲ್ಲಿದೆ. ಆದ್ದರಿಂದ ಮಳೆಯ ಮರುದಿನ ಗೋಡೆ ಹತ್ತಬೇಡಿ. ಹತ್ತಿದರೆ ಮಕ್ಕಳ ಕೈ ನಿಮ್ಮ ಕೈಯಲ್ಲಿರಲಿ, ಕಥೆಯನ್ನು ಕೆಳಗಿಳಿದ ಮೇಲೆ ಹೇಳಿ.

ಕಥೆಗೆ ತಕ್ಕ ಸ್ಥಳ ವೇಣುಗೋಪಾಲಸ್ವಾಮಿಯ ದೇವಾಲಯ. ಅದರ ಗೋಡೆಗಳ ಮೇಲೆ ರಾಮಾಯಣದ ಪ್ರಸಂಗಗಳೂ ಕೃಷ್ಣನ ಬಾಲಲೀಲೆಗಳೂ ಕೆತ್ತಲ್ಪಟ್ಟಿವೆ. ದರ್ಶನ ಮಾಡಿಕೊಂಡು ಓಡಿಬಿಡದೆ ಒಂದು ಗಂಟೆಯನ್ನು ಇಲ್ಲಿಗೆಂದೇ ಮೀಸಲಿಡಿ. ಯಾವ ಶಿಲ್ಪ ಯಾವ ಪ್ರಸಂಗವೆಂದು ಮಕ್ಕಳೇ ಗುರುತಿಸಲಿ. ಹಿರಿಯರು ಅವಸರಪಟ್ಟು ಹೇಳಿಕೊಡಬಾರದು. ಕೋಟೆಯೊಳಗೆ ಚಂದ್ರಮೌಳೇಶ್ವರ, ನಂಜುಂಡೇಶ್ವರ ಮೊದಲಾದ ಗುಡಿಗಳೂ ಇವೆ.

ಟಿಪ್ಪುವಿನ ಜನ್ಮಸ್ಥಾನ ಕೋಟೆಯ ಹೊರಗೆ ಸಮೀಪದಲ್ಲಿದೆ. ಅರಮನೆಯನ್ನು ನಿರೀಕ್ಷಿಸಿ ಹೋದವರಿಗೆ ಆಶಾಭಂಗವಾಗುವುದು: ಆಳೆತ್ತರದ ಕಂಬಗಳ ಒಂದು ಸಣ್ಣ ಮಂಟಪ, ಅದರಲ್ಲಿ ಒಂದು ಶಿಲಾಫಲಕ, ಇಷ್ಟೆ. ಜನನವು 1750ರಲ್ಲೆಂದು ಕೆಲವರೂ 1751ರಲ್ಲೆಂದು ಕೆಲವರೂ ಎಣಿಸುವರು.

ಹೊತ್ತು ಉಳಿದರೆ 2007ರಲ್ಲಿ ಜೀವವೈವಿಧ್ಯದ ಪಾರಂಪರಿಕ ತಾಣವೆಂದು ಘೋಷಿತವಾದ ನಲ್ಲೂರಿನ ಹುಣಿಸೆಯ ತೋಪಿಗೆ ಹೋಗಬಹುದು. ನಂದಿಬೆಟ್ಟವನ್ನು ಅದೇ ದಿನಕ್ಕೆ ಸೇರಿಸಿದರೆ ಎರಡೂ ಕೆಡುವುವು.

ಮನೆಗೆ ಒಯ್ಯಲು ದೇವನಹಳ್ಳಿಯ ಚಕ್ಕೋತವನ್ನು ಕೊಳ್ಳಿರಿ. ಗಾತ್ರಕ್ಕೆ ಮರುಳಾಗದೆ, ಕೈಯಲ್ಲಿ ಹಿಡಿದು ಭಾರವಾದುದನ್ನು ಆರಿಸತಕ್ಕದ್ದು. ಸಿಪ್ಪೆ ದಪ್ಪ, ಬಸ್ಸಿನಲ್ಲಿ ಸುಲಿಯಹೋಗಬೇಡಿ.