ಮೇ 31ರ ನಂತರದ ಮೇಷ್ಟ್ರು

ಸರ್ಕಾರಿ ಶಾಲೆಯ ಶಿಕ್ಷಕರು 60 ವರ್ಷ ತುಂಬುವ ತಿಂಗಳ ಕೊನೆಯ ದಿನ ನಿವೃತ್ತರಾಗಬೇಕೆಂಬುದು ಕರ್ನಾಟಕದ ಸೇವಾ ನಿಯಮ. ಹುಟ್ಟಿದ ತಾರೀಖು ತಿಂಗಳ ಒಂದನೆಯದಾಗಿದ್ದರೆ ಅದರ ಹಿಂದಿನ ದಿನವೇ ನಿವೃತ್ತಿ. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಭಾಗದ ಹಿರಿಯ ತಲೆಮಾರಿನ ಅನೇಕ ಶಿಕ್ಷಕರ ಜನ್ಮದಿನ ದಾಖಲೆಯಲ್ಲಿ ಜೂನ್ 1 ಎಂದಿರುವುದರಿಂದ, ಮೇ 31 ಈ ಊರುಗಳಲ್ಲಿ ಬೀಳ್ಕೊಡುಗೆಯ ದಿನವಾಗಿಬಿಟ್ಟಿದೆ. ಹುಟ್ಟಿದ ದಿನ ಬರೆದಿಡುವ ರೂಢಿಯಿಲ್ಲದ ಮನೆಯಿಂದ ಮಗು ಬಂದಾಗ, ಅದರ ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿಯನ್ನು ಮುಟ್ಟಿಸಿ, ಬೆರಳು ಕಿವಿಗೆ ಎಟುಕಿದರೆ ವಯಸ್ಸಾಯಿತೆಂದು ತಿಳಿದು, ಶಾಲೆ ತೆರೆಯುವ ತಿಂಗಳ ಮೊದಲ ದಿನವನ್ನೇ ಹೆಡ್‌ಮೇಷ್ಟ್ರು ದಾಖಲಾತಿ ರಿಜಿಸ್ಟರಿನಲ್ಲಿ ಬರೆದುಕೊಳ್ಳುತ್ತಿದ್ದರು. ಹಾಗೆ ಬರೆಸಿಕೊಂಡ ಮಗುವೇ ಮುಂದೆ ಟಿ.ಸಿ.ಎಚ್. ಎಂಬ ಎರಡು ವರ್ಷದ ಶಿಕ್ಷಕ ತರಬೇತಿ ಮುಗಿಸಿ ಮೇಷ್ಟ್ರಾಗಿ, ಅದೇ ರಿಜಿಸ್ಟರಿನಲ್ಲಿ ಬೇರೆ ಮಕ್ಕಳ ಹೆಸರು ಬರೆದದ್ದುಂಟು. ಮನೆತನದ ಮೊದಲ ಅಕ್ಷರಸ್ಥರಾದ ಇಂಥವರ ನಿವೃತ್ತ ಬದುಕನ್ನು ವಿಶ್ರಾಂತಿಯೆಂದು ಕರೆಯುವುದು ಸರಿಯಾಗಲಾರದು.

ಈ ನಾಲ್ಕು ಊರುಗಳು ಒಂದಕ್ಕೊಂದು ಹತ್ತಿರವಿದ್ದರೂ ಅವುಗಳ ಆಡಳಿತದ ಚರಿತ್ರೆ ಒಂದೇ ಅಲ್ಲ. ಸಂಡೂರು 1949ರವರೆಗೆ ಘೋರ್ಪಡೆ ಮನೆತನದ ಸಂಸ್ಥಾನವಾಗಿತ್ತು. ಉಳಿದ ಊರುಗಳು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿದ್ದು, 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದವು. ಅದೇ ದಿನ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದದ್ದರಿಂದ ಗಡಿಯಾಚೆಯೂ ಕನ್ನಡ ಶಾಲೆಗಳು ಉಳಿದುಕೊಂಡವು. ಕೊಟ್ಟೂರಿನ ಕುಂ. ವೀರಭದ್ರಪ್ಪನವರು ಆ ಗಡಿನಾಡಿನ ಹಳ್ಳಿಗಳಲ್ಲಿ ಶಿಕ್ಷಕರಾಗಿ ದುಡಿಯುತ್ತಲೇ ಬರೆದು, ‘ಅರಮನೆ’ ಕಾದಂಬರಿಗೆ 2007ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದಾಗ ಹೊಸಪೇಟೆ ಮತ್ತು ಹಂಪಿ ಹೊಸ ಜಿಲ್ಲೆಗೆ ಬಂದವು, ಸಂಡೂರು ಮತ್ತು ಕಂಪ್ಲಿ ಬಳ್ಳಾರಿಯಲ್ಲಿಯೇ ಉಳಿದವು. ಆಡಳಿತದ ಗೆರೆ ಬದಲಾದಂತೆಲ್ಲ ಯಾವ ಕಾಗದ ಯಾವ ಕಚೇರಿಗೆ ಹೋಗಬೇಕೆಂಬ ಪ್ರಶ್ನೆ ಜನರ ಮುಂದೆ ಏಳುತ್ತದೆ, ಅದಕ್ಕೆ ಉತ್ತರ ಕೇಳಿಕೊಂಡು ಅವರು ಹೋಗುವುದು ಮೇಷ್ಟ್ರ ಮನೆಗೆ.

ಆ ಮನೆಯ ಆಧಾರ ಪಿಂಚಣಿ. ಹಳೆಯ ಪದ್ಧತಿಯಲ್ಲಿ ಪೂರ್ಣ ಅರ್ಹ ಸೇವೆ ಸಲ್ಲಿಸಿದವರಿಗೆ ಕೊನೆಯ ಮೂಲವೇತನದ ಅರ್ಧದಷ್ಟು ಹಣ ಜೀವನಪರ್ಯಂತ ಬರುತ್ತದೆ, ಅವರ ಕಾಲಾನಂತರ ಕುಟುಂಬ ಪಿಂಚಣಿಯ ಹೆಸರಿನಲ್ಲಿ ಬಾಳಸಂಗಾತಿಗೆ ಅದರ ಒಂದು ಪಾಲು ಸಲ್ಲುತ್ತದೆ. ಮಳೆ ಮತ್ತು ಕಾಲುವೆಯನ್ನು ನಂಬಿದ ಕೂಡುಕುಟುಂಬದಲ್ಲಿ ತಿಂಗಳಿಗೊಮ್ಮೆ ತಪ್ಪದೆ ಬರುವ ಹಣ ಇದೊಂದೇ ಆಗಿರುವುದು ಅಪರೂಪವಲ್ಲ. ತಮ್ಮನ ಬಿತ್ತನೆಯ ಖರ್ಚು, ಮೊಮ್ಮಗಳ ಕಾಲೇಜಿನ ಶುಲ್ಕ, ಮನೆಯ ಹಿರಿಯರ ಔಷಧಿ ಎಲ್ಲವೂ ಇದರಲ್ಲಿಯೇ ನಡೆಯಬೇಕು. ಪ್ರತಿ ನವೆಂಬರಿನಲ್ಲಿ ಪಿಂಚಣಿದಾರರು ತಾವು ಬದುಕಿರುವುದಕ್ಕೆ ಜೀವಂತ ಪ್ರಮಾಣಪತ್ರವನ್ನು ಒಪ್ಪಿಸಬೇಕು; ಬ್ಯಾಂಕಿನ ಆ ಸಾಲಿನಲ್ಲಿ ತಮ್ಮ ನಮೂನೆ ತುಂಬಿದ ಮೇಲೆ, ಕನ್ನಡಕ ತೆಗೆಯದೆ, ಹಿಂದೆ ನಿಂತ ವಿಧವೆಯ ನಮೂನೆಯನ್ನೂ ತುಂಬಿಕೊಡುವವರು ನಿವೃತ್ತ ಶಿಕ್ಷಕರೇ. ಟೀಚರಮ್ಮಂದಿರ ಪಾಲಿಗಂತೂ ನಿವೃತ್ತಿಯೆಂದರೆ ಶಾಲೆಯ ಗಂಟೆ ಮಾತ್ರ ನಿಂತಂತೆ. ದುಡಿಯಲು ಹೋಗುವ ಸೊಸೆಯ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಮರುದಿನವೇ ಆರಂಭವಾಗುತ್ತದೆ, ಅದನ್ನು ಯಾರೂ ಸೇವೆಯೆಂದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಊರಿನ ಕೆಲಸ ಆಯಾ ಊರಿನ ಕಷ್ಟಕ್ಕೆ ತಕ್ಕಂತೆ ಬೇರೆಯಾಗುತ್ತದೆ. ಭತ್ತ ಬೆಳೆಯುವ ಕಂಪ್ಲಿಯಲ್ಲಿ ಅದು ನೀರಿನ ಲೆಕ್ಕ. ತುಂಗಭದ್ರಾ ಜಲಾಶಯದ ಗರಿಷ್ಠ ಮಟ್ಟ 1,633 ಅಡಿ, ಹೂಳು ತುಂಬಿದ ಮೇಲೆ ಅದರ ಸಾಮರ್ಥ್ಯ 105.788 ಟಿಎಂಸಿ, ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ ನೀರು. ಪತ್ರಿಕೆಯಲ್ಲಿ ದಿನವೂ ಬರುವ ಒಳಹರಿವು, ಹೊರಹರಿವುಗಳ ಅಂಕಿಗಳನ್ನು ಓದಿ ಎರಡನೆಯ ಬೆಳೆಗೆ ನೀರು ಸಿಕ್ಕೀತೇ ಎಂದು ಅಂದಾಜು ಹೇಳಬಲ್ಲ ಮೇಷ್ಟ್ರು ಹೋಟೆಲಿನ ಕಟ್ಟೆಯ ಮೇಲೆ ಇರಲೇಬೇಕು. 2024ರ ಆಗಸ್ಟ್ 10ರ ರಾತ್ರಿ 19ನೆಯ ಕ್ರೆಸ್ಟ್ ಗೇಟ್, ಅಂದರೆ ಅಣೆಕಟ್ಟೆಯ ನೆತ್ತಿಯ ಮೇಲಿನ ಬಾಗಿಲು, ಸರಪಳಿ ತುಂಡಾಗಿ ಕೊಚ್ಚಿಹೋದಾಗ ಈ ಲೆಕ್ಕ ಎಷ್ಟು ಅಗತ್ಯವೆಂಬುದು ಅಚ್ಚುಕಟ್ಟಿನ ಪ್ರತಿ ಮನೆಗೂ ತಿಳಿಯಿತು.

ಹಂಪಿಯ ತೊಡಕು ಬೇರೆ: 1986ರಲ್ಲಿ ವಿಶ್ವ ಪರಂಪರೆಯ ತಾಣವೆಂದು ಯುನೆಸ್ಕೊ ಗುರುತಿಸಿದ ನೆಲದಲ್ಲಿ ಗೋಡೆ ಎತ್ತರಿಸಲು ಕೂಡ ಆ ತಾಣದ ಉಸ್ತುವಾರಿ ನೋಡುವ ಪ್ರಾಧಿಕಾರದ ಅನುಮತಿ ಬೇಕಾಗುವುದರಿಂದ, ನಿಯಮ ಓದಿ ಅರ್ಜಿ ಬರೆದುಕೊಡುವವರ ಆಸರೆ ಅಲ್ಲಿನವರಿಗೆ ಬೇಕು.

ಸಂಡೂರಿನ ಮಾತು ಎಲ್ಲಕ್ಕಿಂತ ಕಠಿಣ. 2000ದ ನಂತರ ಅಲ್ಲಿನ ಗಣಿಗಳ ಕಬ್ಬಿಣದ ಅದಿರಿನ ಬೆಲೆ ಏರಿದಾಗ ಲಾರಿಯ ಕ್ಲೀನರ್ ಆಗಿ ಹೋದರೆ ಕೈತುಂಬ ಕಾಸು ಸಿಗುತ್ತದೆಂದು ಶಾಲೆ ಬಿಟ್ಟ ಹುಡುಗರಿದ್ದರು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿದಾಗ ಅವರ ಕೈಯಲ್ಲಿ ಕೆಲಸವೂ ಇರಲಿಲ್ಲ, ಹತ್ತನೆಯ ತರಗತಿಯ ಅಂಕಪಟ್ಟಿಯೂ ಇರಲಿಲ್ಲ. ತಾಂಡಾಗಳಿಂದ, ಅಂದರೆ ಲಂಬಾಣಿ ಜನರ ವಸತಿಗಳಿಂದ, ಕಬ್ಬು ಕಡಿಯಲು ಗುಳೆ ಹೋಗುವವರ ಮಕ್ಕಳು ಅಜ್ಜ ಅಜ್ಜಿಯರ ಬಳಿ ಉಳಿದು ಓದುವಂತೆ ಮಾಡಬೇಕಾದರೆ, ದುಡಿಮೆಯ ಆಸೆಗೆ ಎದುರಾಗಿ ಓದಿನ ಬೆಲೆಯನ್ನು ಮನದಟ್ಟು ಮಾಡಬಲ್ಲ ಹಿರಿಯರೊಬ್ಬರು ಅಲ್ಲಿಯೇ ಇರಬೇಕಾಗುತ್ತದೆ. 2002ರಲ್ಲಿ ಬಳ್ಳಾರಿಯೂ ಸೇರಿದಂತೆ ಏಳು ಜಿಲ್ಲೆಗಳಲ್ಲಿ ಮೊದಲು ಆರಂಭವಾದ ಅಕ್ಷರ ದಾಸೋಹದ ಬಿಸಿಯೂಟ ಮಗುವನ್ನು ಶಾಲೆಯವರೆಗೆ ತಂದಿತು. ಗುಳೆಯ ಕಾಲದಲ್ಲಿಯೂ ಮಗು ಅಲ್ಲಿಯೇ ಉಳಿಯಬೇಕಾದರೆ ಮನೆಬಾಗಿಲಿಗೆ ಹೋಗಿ ಮಾತಾಡುವವರು ಬೇಕು.

ಆದರೆ ಹಳೆಯ ಪಿಂಚಣಿಯ ಆಧಾರ ಮುಂದಿನವರಿಗಿಲ್ಲ; 2006ರ ಏಪ್ರಿಲ್ 1ರಂದು ಮತ್ತು ಆನಂತರ ನೌಕರಿಗೆ ಸೇರಿದವರಿಗೆ ಅನ್ವಯವಾಗುವುದು ಮಾರುಕಟ್ಟೆಯ ಏರಿಳಿತಕ್ಕೆ ಒಳಪಟ್ಟ ಹೊಸ ಪಿಂಚಣಿ ಯೋಜನೆ. ಆ ತಲೆಮಾರಿಗೆ ನಿವೃತ್ತಿಯ ಮೇಲೂ ದುಡಿಯುವ ಒತ್ತಡ ಬಂದರೆ, ಊರಿಗೆ ಸಿಗುತ್ತಿದ್ದ ಅವರ ಸಮಯ ಸಹಜವಾಗಿಯೇ ಕಡಿಮೆಯಾಗುತ್ತದೆ. ಆದ್ದರಿಂದ ಈಗ ಇರುವ ಹಿರಿಯರನ್ನು ಪ್ರತಿ ಸರ್ಕಾರಿ ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯೂ ವಾರಕ್ಕೊಂದು ತಾಸಾದರೂ ಶಾಲೆಗೆ ಕರೆಯಲಿ. ಬರುವ ಮೇ 31ರಂದು ಶಾಲು, ಹಾರ, ಹಣ್ಣಿನ ಬುಟ್ಟಿಯ ಜೊತೆಗೆ ಶಾಲೆಯ ಗ್ರಂಥಾಲಯದ ಬೀಗದ ಕೈಯನ್ನೂ ಮೇಷ್ಟ್ರ ಕೈಗಿಡಲಿ.