ಸೊನ್ನೆಯೂ ಒಂದು ಉತ್ತರ: ಶಕವರ್ಷ ಲೆಕ್ಕಿಸುವ ಸಾಧನಕ್ಕೊಂದು ತಿದ್ದುಪಡಿ

ಶಾಸನದಲ್ಲಿ ಶಕವರ್ಷ ಸಿಕ್ಕಿತು ಅಂದ್ರೆ 78 ಕೂಡಿಸಿ ಕ್ರಿಸ್ತಶಕ ಬರೆದುಬಿಡುವುದು ನಮ್ಮಲ್ಲಿ ರೂಢಿ. ಆದರೆ 78 ಹೊಂದುವುದು ‘ಗತ’ವರ್ಷಕ್ಕೆ, ಅಂದರೆ ಇಷ್ಟು ವರ್ಷ ಕಳೆದಿದೆ ಎಂದು ಶಾಸನ ಹೇಳಿದಾಗ. ನಡೆಯುತ್ತಿರುವ ವರ್ಷವನ್ನು, ಅಂದರೆ ‘ವರ್ತಮಾನ’ವನ್ನು ಎಣಿಸಿದ್ದರೆ ಕೂಡಿಸಬೇಕಾದ್ದು 77. ಐಹೊಳೆಯ ಮೇಗುತಿ ಗುಡಿಯಲ್ಲಿರುವ ರವಿಕೀರ್ತಿಯ ಶಾಸನ ಶಕ 556 ಕಳೆದಿತ್ತು ಅಂತ ಸ್ಪಷ್ಟವಾಗಿ ಹೇಳುತ್ತದೆ. ಹಾಗಾಗಿ ಅದು ಕ್ರಿ.ಶ. 634-35. ಬಾದಾಮಿಯ ಮೂರನೆಯ ಗುಹೆಯಲ್ಲಿರುವ ಮಂಗಳೇಶನ ಶಾಸನವೂ ಶಕ 500 ಕಳೆದ ಮೇಲಿನದು, ಕ್ರಿ.ಶ. 578. ಎಲ್ಲ ಶಾಸನಗಳೂ ಇಷ್ಟು ಬಿಡಿಸಿ ಹೇಳುವುದಿಲ್ಲ.

ನೂರಾರು ಶಾಸನಗಳ ಪಟ್ಟಿಗೆ ಈ ಲೆಕ್ಕ ಮಾಡಲು ನಾನು ಕಮಾಂಡ್ ಲೈನಿನಲ್ಲಿ ಓಡುವ ಒಂದು ಪುಟ್ಟ ಪೈಥಾನ್ ಸಾಧನ ಬಳಸುತ್ತೇನೆ. ಸಿಎಸ್‌ವಿ ಕಡತ ಕೊಟ್ಟರೆ ಅದು ಪ್ರತಿ ಶಕವರ್ಷಕ್ಕೆ 77 ಕೂಡಿಸಿ, ಮೇಲೆ ‘--ಗತ’ ಎಂಬ ಆಯ್ಕೆಯ ಬೆಲೆಯನ್ನೂ ಸೇರಿಸುತ್ತದೆ. ಗತಕ್ಕೆ 1, ವರ್ತಮಾನಕ್ಕೆ 0. ಏನೂ ಹೇಳದಿದ್ದರೆ ಡಿಫಾಲ್ಟ್ 1.

ಪರೀಕ್ಷೆಗೆಂದು 556ನ್ನು ‘--ಗತ 0’ ಜೊತೆ ಓಡಿಸಿದೆ. ಬರಬೇಕಾದ್ದು 633, ಬಂದದ್ದು 634. ದೋಷದ ಸಂದೇಶವೂ ಇಲ್ಲ.

ಒಳಗೆ ನೋಡಿದರೆ ಒಂದೇ ಸಾಲಿನ ತೊಡಕು. ‘ಕೊಟ್ಟ ಬೆಲೆ ನಿಜವಾದರೆ ಅದು, ಇಲ್ಲವಾದರೆ 1’ ಎಂಬ ಅರ್ಥದ ಸಾಲು ಅದು. ಪೈಥಾನಿಗೆ ಇಂಥ ಕಡೆ 0, ಖಾಲಿ ಪಠ್ಯ, ‘ಏನೂ ಇಲ್ಲ’ ಎನ್ನುವ ನನ್ ಎಂಬ ಬೆಲೆ ಮೂರೂ ಒಂದೇ: ಎಲ್ಲವೂ ಸುಳ್ಳು. ಹಾಗಾಗಿ ‘ವರ್ತಮಾನ’ ಅಂತ ನಾವು ಹೇಳಿದ್ದನ್ನು ಅದು ‘ಏನೂ ಹೇಳಿಲ್ಲ’ ಅಂತ ಓದಿಕೊಳ್ಳುತ್ತಿತ್ತು.

ಇನ್ನೊಂದು ತೊಡಕೂ ಇತ್ತು. ಪಟ್ಟಿಯಲ್ಲೇ ಗತ-ವರ್ತಮಾನಕ್ಕೆ ಒಂದು ಅಂಕಣವಿದೆ. ಆದರೆ ಡಿಫಾಲ್ಟ್ 1 ಮೊದಲೇ ಬಂದು ಕೂತಿರುವುದರಿಂದ ಸಾಧನ ಆ ಅಂಕಣವನ್ನು ನೋಡುತ್ತಲೇ ಇರಲಿಲ್ಲ. 1 ಎಂಬುದನ್ನು ನಾವು ಟೈಪ್ ಮಾಡಿದ್ದೋ, ತಾನೇ ಹಾಕಿಕೊಂಡಿದ್ದೋ ಅಂತ ಅದಕ್ಕೆ ಗೊತ್ತಾಗುವ ದಾರಿಯೇ ಇಲ್ಲ ನೋಡಿ.

ಎರಡಕ್ಕೂ ಮದ್ದು ಒಂದೇ. ಆಯ್ಕೆಯ ಡಿಫಾಲ್ಟನ್ನು 1ರ ಬದಲು ನನ್ ಮಾಡಿದೆ. ‘ನಿಜವೇ ಸುಳ್ಳೇ’ ಎಂದು ಕೇಳುವ ಬದಲು ‘ಇದು ನನ್ ಹೌದೇ’ ಎಂದು ಕೇಳಿಸಿದೆ. ಈಗ ಕ್ರಮ ಹೀಗೆ: ಟೈಪ್ ಮಾಡಿದ್ದರೆ ಅದು, ಇಲ್ಲದಿದ್ದರೆ ಆ ಸಾಲಿನ ಅಂಕಣದಲ್ಲಿರುವುದು, ಅದೂ ಖಾಲಿ ಇದ್ದರೆ ಮಾತ್ರ, ಕೊನೆಗೆ, 1. ಅಂಕಣ ಖಾಲಿ ಬಿಟ್ಟು 556ನ್ನು ಮೂರು ಬಗೆಯಲ್ಲಿ ಓಡಿಸಿ ನೋಡಬಹುದು: ಆಯ್ಕೆ ಕೊಡದೆ 634, ‘--ಗತ 1’ಕ್ಕೆ 634, ‘--ಗತ 0’ಕ್ಕೆ 633.

ಮೊದಲೆರಡರ ಉತ್ತರ ಒಂದೇ ಆದರೂ ಅವುಗಳ ತೂಕ ಒಂದೇ ಅಲ್ಲ. ಒಂದು ನಾವು ಹೇಳಿದ್ದು, ಇನ್ನೊಂದು ಯಂತ್ರದ ಊಹೆ. ಅದಕ್ಕೇ ಫಲಿತಾಂಶಕ್ಕೆ ‘ಆಧಾರ’ ಎಂಬ ಅಂಕಣ ಸೇರಿಸಿದೆ. ಅದರಲ್ಲಿ ‘ಆಜ್ಞೆ’, ‘ಪಟ್ಟಿ’, ‘ರೂಢಿ’ ಈ ಮೂರರಲ್ಲೊಂದು ಬರುತ್ತದೆ. ಸವೆದುಹೋದ ಅಕ್ಷರವನ್ನು ಊಹಿಸಿ ತುಂಬಿದಾಗ ಕಂಸದೊಳಗೆ ಇಡುತ್ತೇವಲ್ಲ, ಇದೂ ಹಾಗೆಯೇ.

‘ರೂಢಿ’ ಎಂದು ಬಂದ ಸಾಲುಗಳನ್ನು ಸಂವತ್ಸರದ ಹೆಸರಿದ್ದರೆ ಪರೀಕ್ಷಿಸಬಹುದು. ದಕ್ಷಿಣದ ಪದ್ಧತಿಯಲ್ಲಿ ಗತ ಶಕವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿ. ಶೇಷವೇ ಪ್ರಭವದಿಂದ ಎಣಿಸಿದ ಸಂವತ್ಸರದ ಸಂಖ್ಯೆ (ಶೇಷ ಸೊನ್ನೆಯಾದರೆ ಅರವತ್ತನೆಯದಾದ ಅಕ್ಷಯ). ಶಕ 1946ಕ್ಕೆ ಶೇಷ 38, ಅಂದರೆ ಕ್ರೋಧಿ. 2024ರ ಯುಗಾದಿಗೆ ಶುರುವಾದದ್ದು ಅದೇ. ಶಾಸನದ ಸಂವತ್ಸರ ಈ ಲೆಕ್ಕಕ್ಕಿಂತ ಒಂದು ಹಿಂದಿದ್ದರೆ, ಅಲ್ಲಿರುವುದು ವರ್ತಮಾನ ವರ್ಷವೇ ಇರಬೇಕು ಅಂತ ಅನುಮಾನಿಸಲು ಕಾರಣ ಸಿಕ್ಕಿತು. ಆ ಸಾಲಿನ ಅಂಕಣದಲ್ಲಿ 0 ಬರೆಯಿರಿ. ಸಾಧನ ಈಗ ಆ ಸೊನ್ನೆಯನ್ನು ಸೊನ್ನೆಯೆಂದೇ ಓದುತ್ತದೆ.